ಅವಳಿ ಬಸಿರಿನಲ್ಲಿ ತೂಕ: ಎಷ್ಟು ಏರಬೇಕು, ಯಾವಾಗ ಏರಬೇಕು

ಗರ್ಭ ನಿಂತ ಏಳೆಂಟು ವಾರಕ್ಕೆ ಮಾಡಿಸುವ ಸ್ಕ್ಯಾನಿಂಗ್‌ನಲ್ಲಿ ಎರಡು ಹೃದಯ ಬಡಿತಗಳು ಕಂಡವೆಂದರೆ ಮನೆಯಲ್ಲಿ ಸಂತೋಷದ ಹಿಂದೆಯೇ ಊಟದ ಮಾತು ಶುರುವಾಗುತ್ತದೆ. ಒಂದು ಮಗುವಿದ್ದಿದ್ದರೆ ‘ಇನ್ನು ಇಬ್ಬರ ಊಟ ಮಾಡಬೇಕು’ ಎನ್ನುತ್ತಿದ್ದ ಹಿರಿಯರು ಈಗ ಮೂವರ ಲೆಕ್ಕ ಹಾಕುತ್ತಾರೆ. ಅದೇ ಮನೆಯ ಇನ್ನೊಬ್ಬರು, ಹೆಚ್ಚು ತಿಂದರೆ ಮಕ್ಕಳು ದಪ್ಪಗಾಗಿ ಹೆರಿಗೆ ಕಷ್ಟವಾದೀತೆಂದು ತಟ್ಟೆಗೆ ಬಡಿಸುವುದನ್ನೇ ಕಡಿಮೆ ಮಾಡಲು ಹೇಳುತ್ತಾರೆ. ಗರ್ಭಿಣಿಯಾದವಳು ಯಾರ ಮಾತನ್ನು ಕೇಳಬೇಕು? ಇದು ಕೆಲವೇ ಮನೆಗಳ ಪ್ರಶ್ನೆಯಾಗಿ ಉಳಿದಿಲ್ಲ. 2021ರಲ್ಲಿ ಪ್ರಕಟವಾದ ಜಾಗತಿಕ ಲೆಕ್ಕಾಚಾರವೊಂದರ ಪ್ರಕಾರ, 1980ರ ದಶಕದ ಆರಂಭದಲ್ಲಿ ಪ್ರತಿ 1000 ಹೆರಿಗೆಗಳಲ್ಲಿ ಸುಮಾರು 9 ಅವಳಿ ಹೆರಿಗೆಗಳಿದ್ದರೆ, 2010ರ ನಂತರದ ವರ್ಷಗಳಲ್ಲಿ ಅವು 12ಕ್ಕೆ ಏರಿವೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 16 ಲಕ್ಷ ಅವಳಿ ಜೋಡಿಗಳು ಹುಟ್ಟುತ್ತಿವೆ. ಐವಿಎಫ್‌ನಂತಹ ಚಿಕಿತ್ಸೆಗಳು ಹೆಚ್ಚಿರುವುದು ಮತ್ತು ಮಹಿಳೆಯರು ತಡವಾಗಿ ತಾಯಂದಿರಾಗುತ್ತಿರುವುದು ಇದಕ್ಕೆ ಮುಖ್ಯ ಕಾರಣಗಳು.

ಅವಳಿ ಬಸಿರಿನಲ್ಲಿ ತೂಕ ಒಂಟಿ ಬಸಿರಿಗಿಂತ ಹೆಚ್ಚು ಏರಬೇಕು ಎಂಬುದು ನಿಜ. ಆದರೆ ಅದು ಎರಡು ಪಟ್ಟಲ್ಲ, ಮೂರು ಪಟ್ಟಂತೂ ಅಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಒಟ್ಟು ಎಷ್ಟು ಕಿಲೋ ಏರಿತು ಎನ್ನುವುದರ ಜೊತೆಗೆ ಅದು ಯಾವ ತಿಂಗಳಲ್ಲಿ ಏರಿತು ಮತ್ತು ಯಾವುದರಿಂದ ಏರಿತು ಎನ್ನುವುದನ್ನೂ ನೋಡಬೇಕಾಗುತ್ತದೆ.

ಏರಿದ ತೂಕ ಹೋಗಿ ಸೇರುವುದೆಲ್ಲಿಗೆ

ತಕ್ಕಡಿಯಲ್ಲಿ ಹೆಚ್ಚಾಗಿ ಕಾಣುವುದೆಲ್ಲ ತಾಯಿಯ ಕೊಬ್ಬು ಎಂದೋ, ಇಲ್ಲವೇ ಎಲ್ಲವೂ ಮಗುವಿನದೇ ಎಂದೋ ಭಾವಿಸುವುದು ಸಾಮಾನ್ಯ. ಎರಡೂ ಸರಿಯಲ್ಲ. ಒಂದೇ ಮಗುವಿನ ಬಸಿರಿನಲ್ಲಿ ತಾಯಿಯ ತೂಕ ಸುಮಾರು 12 ಕಿಲೋ ಏರಿತೆಂದುಕೊಂಡರೆ, ಅದರಲ್ಲಿ ಮಗುವಿನ ಪಾಲು ಮೂರು ಕಿಲೋ ಆಸುಪಾಸು ಮಾತ್ರ. ಮಗುವಿಗೆ ಆಹಾರ ಮತ್ತು ಆಮ್ಲಜನಕ ಒದಗಿಸುವ ಮಾಸು ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಮಗು ತೇಲುವ ಗರ್ಭಜಲ ಮುಕ್ಕಾಲು ಕಿಲೋದಷ್ಟಿರುತ್ತದೆ. ಹಿಗ್ಗಿದ ಗರ್ಭಕೋಶದ ತೂಕ ಸುಮಾರು ಒಂದು ಕಿಲೋ. ತಾಯಿಯ ಮೈಯಲ್ಲಿ ಹೊಸದಾಗಿ ತುಂಬಿಕೊಂಡ ರಕ್ತ ಒಂದು ಕಿಲೋಗಿಂತ ಹೆಚ್ಚು, ಅಂಗಾಂಶಗಳಲ್ಲಿ ಸೇರಿಕೊಂಡ ನೀರು ಇನ್ನೊಂದೂವರೆ ಕಿಲೋ. ಸ್ತನಗಳ ಬೆಳವಣಿಗೆಯೂ ಲೆಕ್ಕಕ್ಕೆ ಸೇರುತ್ತದೆ. ಉಳಿದ ಮೂರು ಕಿಲೋದಷ್ಟು ತಾಯಿ ಕೂಡಿಟ್ಟುಕೊಂಡ ಕೊಬ್ಬು; ಬಸಿರಿನ ಕೊನೆಯ ತಿಂಗಳುಗಳಲ್ಲಿ ಮತ್ತು ಎದೆಹಾಲೂಡಿಸುವಾಗ ಖರ್ಚಾಗಲೆಂದೇ ದೇಹ ಅದನ್ನು ಸಂಗ್ರಹಿಸುತ್ತದೆ.

ಮಕ್ಕಳು ಎರಡಾದಾಗ ಈ ಬಾಬ್ತುಗಳಲ್ಲಿ ಕೆಲವು ಇಮ್ಮಡಿಯಾಗುತ್ತವೆ, ಕೆಲವು ಸ್ವಲ್ಪವೇ ಹೆಚ್ಚುತ್ತವೆ. ಅವಳಿ ಮಕ್ಕಳು ಸಾಮಾನ್ಯವಾಗಿ ತಲಾ ಎರಡೂಕಾಲರಿಂದ ಎರಡೂವರೆ ಕಿಲೋ ಇರುವುದರಿಂದ ಇಬ್ಬರ ತೂಕ ಸೇರಿ ಐದು ಕಿಲೋ ಹತ್ತಿರಕ್ಕೆ ಬರುತ್ತದೆ. ಮಾಸು ಮತ್ತು ಗರ್ಭಜಲ ಹೆಚ್ಚುತ್ತವೆ. ತಾಯಿಯ ರಕ್ತದ ಪ್ರಮಾಣ ಒಂಟಿ ಬಸಿರಿಗಿಂತಲೂ ಹೆಚ್ಚಾಗುತ್ತದೆ, ಆದರೆ ದುಪ್ಪಟ್ಟಾಗುವುದಿಲ್ಲ. ತಾಯಿ ಒಬ್ಬಳೇ, ಗರ್ಭಕೋಶ ಒಂದೇ. ಆದ್ದರಿಂದ ಒಂದು ಮಗುವಿಗೆ 12 ಕಿಲೋ ಎಂದರೆ ಎರಡಕ್ಕೆ 24 ಎಂಬ ಗುಣಾಕಾರ ಇಲ್ಲಿ ನಡೆಯುವುದಿಲ್ಲ.

ಆರಂಭದ ತೂಕವೇ ಅಳತೆಗೋಲು

ಎಷ್ಟು ಕಿಲೋ ಏರಬೇಕು ಎಂಬ ಪ್ರಶ್ನೆಗೆ ಉತ್ತರ ಗರ್ಭ ಧರಿಸುವುದಕ್ಕೆ ಮೊದಲು ಆ ಮಹಿಳೆಯ ತೂಕ ಎಷ್ಟಿತ್ತು ಎಂಬುದರ ಮೇಲೆ ನಿಂತಿದೆ. ಇದನ್ನು ಅಳೆಯಲು ವೈದ್ಯರು ಬಿಎಂಐ ಎಂಬ ಸೂಚ್ಯಂಕವನ್ನು ಬಳಸುತ್ತಾರೆ. ಕಿಲೋಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬಿಎಂಐ ಸಿಗುತ್ತದೆ. ಉದಾಹರಣೆಗೆ, ಎತ್ತರ 155 ಸೆಂಟಿಮೀಟರ್ ಮತ್ತು ತೂಕ 52 ಕಿಲೋ ಇದ್ದರೆ, 52ನ್ನು 1.55ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 1.55ರಿಂದ ಭಾಗಿಸಬೇಕು, ಉತ್ತರ 21.6. ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ 18.5ಕ್ಕಿಂತ ಕಡಿಮೆಯಿದ್ದರೆ ಕಡಿಮೆ ತೂಕ, 18.5ರಿಂದ 24.9ರವರೆಗೆ ಸಾಮಾನ್ಯ, 25ರಿಂದ 29.9 ಅಧಿಕ ತೂಕ, 30 ಮತ್ತು ಅದಕ್ಕಿಂತ ಹೆಚ್ಚಾದರೆ ಬೊಜ್ಜು.

ಭಾರತೀಯರಿಗೆ ಇಲ್ಲಿ ಒಂದು ತಿದ್ದುಪಡಿ ಇದೆ. ನಮ್ಮವರ ಮೈಯಲ್ಲಿ ಅದೇ ಬಿಎಂಐಗೆ ಕೊಬ್ಬಿನಂಶ ಹೆಚ್ಚಿರುವುದರಿಂದ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ತೊಂದರೆಗಳು ಬೇಗ ಆರಂಭವಾಗುವುದರಿಂದ, ಇಲ್ಲಿನ ವೈದ್ಯರು 23ಕ್ಕೇ ಅಧಿಕ ತೂಕವೆಂದೂ 25ಕ್ಕೇ ಬೊಜ್ಜೆಂದೂ ಪರಿಗಣಿಸುವುದುಂಟು. ಹಾಗಾಗಿ ಅಂತರಜಾಲದಲ್ಲಿ ಸಿಗುವ ಕೋಷ್ಟಕದಲ್ಲಿ ‘ಸಾಮಾನ್ಯ’ ಸಾಲಿನಲ್ಲಿ ಕುಳಿತಿರುವ ಮಹಿಳೆಗೆ ವೈದ್ಯರು ಅದೇ ಸಾಲಿನ ಮೇಲ್ತುದಿಯ ಗುರಿಯನ್ನು ಕೊಡದೇ ಇದ್ದರೆ ಅದರಲ್ಲಿ ಅಚ್ಚರಿಯಿಲ್ಲ.

ಪ್ರಚಲಿತ ಅಂಕಿಗಳು ಮತ್ತು ಅವುಗಳ ಮಿತಿ

ಜಗತ್ತಿನ ಬಹುಪಾಲು ಕಡೆ ಉಲ್ಲೇಖಗೊಳ್ಳುವ ಅಂಕಿಗಳು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಪ್ರಕಟಿಸಿದ ಶಿಫಾರಸಿನಿಂದ ಬಂದವು. ಅದರ ಪ್ರಕಾರ, ಅವಳಿ ಮಕ್ಕಳನ್ನು ಹೊತ್ತ ಸಾಮಾನ್ಯ ಬಿಎಂಐ ಮಹಿಳೆಯ ತೂಕ ಬಸಿರಿನ ಕೊನೆಯ ಹೊತ್ತಿಗೆ 16.8ರಿಂದ 24.5 ಕಿಲೋವರೆಗೆ ಏರಬಹುದು. ಅಧಿಕ ತೂಕದವರಿಗೆ ಈ ವ್ಯಾಪ್ತಿ 14.1ರಿಂದ 22.7 ಕಿಲೋ, ಬೊಜ್ಜಿರುವವರಿಗೆ 11.3ರಿಂದ 19.1 ಕಿಲೋ. ಹೋಲಿಕೆಗೆ ಹೇಳುವುದಾದರೆ, ಒಂದೇ ಮಗುವಿದ್ದಾಗ ಸಾಮಾನ್ಯ ಬಿಎಂಐ ಮಹಿಳೆಗೆ ಅದೇ ಸಂಸ್ಥೆ ಸೂಚಿಸಿರುವುದು 11.5ರಿಂದ 16 ಕಿಲೋ.

ಈ ಅಂಕಿಗಳನ್ನು ಆ ಸಂಸ್ಥೆಯೇ ತಾತ್ಕಾಲಿಕ ಎಂದು ಕರೆದಿತ್ತು. ಅವು ರೂಪುಗೊಂಡ ಬಗೆಯನ್ನು ತಿಳಿದುಕೊಂಡರೆ ಏಕೆಂಬುದು ಅರ್ಥವಾಗುತ್ತದೆ. 37 ವಾರ ತುಂಬಿದ ಮೇಲೆ, ಸರಾಸರಿ ಎರಡೂವರೆ ಕಿಲೋ ಅಥವಾ ಹೆಚ್ಚಿನ ತೂಕದ ಅವಳಿಗಳನ್ನು ಹೆತ್ತ ತಾಯಂದಿರು ಬಸಿರಿನಲ್ಲಿ ಎಷ್ಟು ತೂಕ ಏರಿದ್ದರು ಎಂದು ನೋಡಿ, ಅವರಲ್ಲಿ ತೀರಾ ಕಡಿಮೆ ಏರಿದ ಕಾಲುಭಾಗವನ್ನೂ ತೀರಾ ಹೆಚ್ಚು ಏರಿದ ಕಾಲುಭಾಗವನ್ನೂ ಬಿಟ್ಟು, ನಡುವಿನ ಅರ್ಧದಷ್ಟು ಮಹಿಳೆಯರ ಲೆಕ್ಕವನ್ನು ಶಿಫಾರಸಾಗಿ ಇಡಲಾಯಿತು. ಅಂದರೆ ಇದು ಒಳ್ಳೆಯ ಫಲಿತಾಂಶ ಕಂಡವರ ಅನುಭವದ ದಾಖಲೆ. ಇಷ್ಟು ತೂಕ ಏರಿಸಿಕೊಂಡರೆ ಇಂಥದೇ ಫಲಿತಾಂಶ ಬರುತ್ತದೆಂಬ ಪ್ರಯೋಗದ ಸಾಬೀತಲ್ಲ. ಕಡಿಮೆ ತೂಕದ ಮಹಿಳೆಯರ ಬಗ್ಗೆ ಸಾಕಷ್ಟು ಮಾಹಿತಿ ಇಲ್ಲದ ಕಾರಣ ಆ ಗುಂಪಿಗೆ ಅಂಕಿಯನ್ನೇ ಕೊಡಲಿಲ್ಲ. ಭಾರತದಲ್ಲಿ ಸಣಕಲು ಮೈಯ ಗರ್ಭಿಣಿಯರೇನೂ ಅಪರೂಪವಲ್ಲವಾದ್ದರಿಂದ ನಮ್ಮ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ.

ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಬಸಿರು ಹೆಚ್ಚು ವಾರ ಮುಂದುವರಿದಷ್ಟೂ ತೂಕ ಏರಲು ಹೆಚ್ಚು ಕಾಲ ಸಿಗುತ್ತದೆ. ಆದ್ದರಿಂದ ಹೆಚ್ಚು ತೂಕ ಏರಿದವರಿಗೆ ದೊಡ್ಡ ಮಕ್ಕಳಾದವೋ, ಅಥವಾ ಹೆರಿಗೆ ತಡವಾದ್ದರಿಂದ ಮಕ್ಕಳೂ ದೊಡ್ಡವಾಗಿ ತೂಕವೂ ಹೆಚ್ಚಾಯಿತೋ ಎಂದು ಬೇರ್ಪಡಿಸುವುದು ಸುಲಭವಲ್ಲ. ಈ ಕಾರಣದಿಂದ ತಜ್ಞರಲ್ಲೂ ಒಮ್ಮತವಿಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿ, ಅವಳಿ ಗರ್ಭಿಣಿಯರಿಗೂ ಆಹಾರದ ವಿಷಯದಲ್ಲಿ ಇತರ ಗರ್ಭಿಣಿಯರಿಗೆ ಕೊಡುವ ಸಲಹೆಯನ್ನೇ ಕೊಡಿ ಎನ್ನುತ್ತದೆ. ಅಮೆರಿಕದವರು ಕಿಲೋ ಲೆಕ್ಕ ಕೊಡುತ್ತಾರೆ. ಎರಡನ್ನೂ ಓದಿದವರಿಗೆ ಗೊಂದಲವಾಗುವುದು ಸಹಜ. ಅಂಕಿಗಳನ್ನು ತಲುಪಲೇಬೇಕಾದ ಗೆರೆಯೆಂದು ನೋಡದೆ, ದಾರಿ ಸರಿಯಿದೆಯೇ ಎಂದು ಪರೀಕ್ಷಿಸುವ ಗುರುತುಗಳೆಂದು ನೋಡಿದರೆ ಈ ಗೊಂದಲ ಬಹುಮಟ್ಟಿಗೆ ಕಡಿಮೆಯಾಗುತ್ತದೆ. 150 ಸೆಂಟಿಮೀಟರ್ ಎತ್ತರದ, 45 ಕಿಲೋ ತೂಕದ ಮಹಿಳೆಯ ಬಿಎಂಐ 20. ಆಕೆಯೂ ‘ಸಾಮಾನ್ಯ’ ಗುಂಪಿನವಳೇ. ಹಾಗೆಂದು ತನಗಿಂತ ಒಂದು ಅಡಿ ಎತ್ತರದ ಮಹಿಳೆಗೆ ಹೇಳಿದ 24 ಕಿಲೋವನ್ನು ಆಕೆಯೂ ಗುರಿಯಾಗಿಟ್ಟುಕೊಳ್ಳಬೇಕಾಗಿಲ್ಲ.

ಮೊದಲರ್ಧದ ತೂಕಕ್ಕೆ ಏಕೆ ಹೆಚ್ಚು ಬೆಲೆ

ಒಂಟಿ ಮಗುವಿನ ಬಸಿರು ಸಾಮಾನ್ಯವಾಗಿ 40 ವಾರದ ಲೆಕ್ಕದಲ್ಲಿ ನಡೆಯುತ್ತದೆ. ಅವಳಿಗಳು ಸರಾಸರಿ 35–36 ವಾರಕ್ಕೇ ಹುಟ್ಟುತ್ತವೆ. ಅರ್ಧಕ್ಕಿಂತ ಹೆಚ್ಚು ಅವಳಿಗಳು 37 ವಾರ ತುಂಬುವ ಮೊದಲೇ ಬರುತ್ತವೆ. ಎಲ್ಲವೂ ಸರಿಯಿದ್ದರೂ, ಬೇರೆ ಬೇರೆ ಮಾಸುಗಳಿರುವ ಅವಳಿಗಳಿಗೆ 37ನೇ ವಾರದಲ್ಲಿ, ಮಾಸು ಹಂಚಿಕೊಂಡಿರುವ ಅವಳಿಗಳಿಗೆ 36ನೇ ವಾರದಲ್ಲಿ ಹೆರಿಗೆ ಮಾಡಿಸುವಂತೆ ನೈಸ್ ಮಾರ್ಗಸೂಚಿ ಹೇಳುತ್ತದೆ. ಒಂಟಿ ಮಗುವಿಗೆ ತೂಕ ಕೂಡಿಕೊಳ್ಳಲು ಸಿಗುವ ಕೊನೆಯ ನಾಲ್ಕು ವಾರಗಳು ಅವಳಿಗಳಿಗೆ ಸಿಗುವುದೇ ಇಲ್ಲ.

ಇದರ ಮೇಲೆ ಜಾಗದ ಸಮಸ್ಯೆ. ಸುಮಾರು 28–30 ವಾರದವರೆಗೆ ಅವಳಿಗಳು ಒಂಟಿ ಮಗುವಿನಷ್ಟೇ ವೇಗದಲ್ಲಿ ಬೆಳೆಯುತ್ತವೆ. ಆ ನಂತರ ಅವುಗಳ ಬೆಳವಣಿಗೆ ನಿಧಾನವಾಗುತ್ತದೆ. ಅದೇ ಹೊತ್ತಿಗೆ ಹಿಗ್ಗಿದ ಗರ್ಭಕೋಶ ತಾಯಿಯ ಜಠರವನ್ನು ಮೇಲಕ್ಕೆ ಒತ್ತಿರುವುದರಿಂದ ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿದಂತಾಗುತ್ತದೆ, ಎದೆಯುರಿ ಶುರುವಾಗುತ್ತದೆ. ಮಕ್ಕಳಿಗೆ ಅತಿ ಹೆಚ್ಚು ಪೋಷಣೆ ಬೇಕಾದ ತಿಂಗಳುಗಳಲ್ಲೇ ತಾಯಿಗೆ ಉಣ್ಣುವುದು ಕಷ್ಟವಾಗುತ್ತದೆ. ಮಲೆನಾಡಿನವರು ಮಳೆ ಹಿಡಿಯುವ ಮೊದಲೇ ಸೌದೆ ಒಟ್ಟಿಕೊಳ್ಳುವಂತೆ, ದೇಹವೂ ಐದನೆಯ ಆರನೆಯ ತಿಂಗಳಲ್ಲೇ ಕೊಬ್ಬನ್ನು ಕೂಡಿಟ್ಟುಕೊಂಡಿದ್ದರೆ ಕೊನೆಯ ತಿಂಗಳುಗಳಲ್ಲಿ ಅದನ್ನು ಕರಗಿಸಿ ಮಕ್ಕಳಿಗೆ ಒದಗಿಸಬಲ್ಲದು. ಮಾಸು ನೆಲೆಗೊಂಡು ಬಲಗೊಳ್ಳುವುದೂ ಬಸಿರಿನ ಮೊದಲರ್ಧದಲ್ಲೇ.

ಅಮೆರಿಕದ ಸಂಶೋಧಕಿ ಬಾರ್ಬರಾ ಲ್ಯೂಕ್ ಮತ್ತು ಅವರ ಸಹೋದ್ಯೋಗಿಗಳು ಅವಳಿ ಬಸಿರಿನ ತೂಕವನ್ನು 20 ವಾರದವರೆಗೆ, 20ರಿಂದ 28, 28ರ ನಂತರ ಎಂದು ಮೂರು ಘಟ್ಟಗಳಾಗಿ ಒಡೆದು ನೋಡಿ, ಮೊದಲೆರಡು ಘಟ್ಟಗಳ ಏರಿಕೆ ಮಕ್ಕಳ ಜನನ ತೂಕದೊಂದಿಗೆ ಗಟ್ಟಿಯಾದ ಸಂಬಂಧ ಹೊಂದಿರುವುದನ್ನು ತೋರಿಸಿದರು. ಅದರಲ್ಲೂ ಆರಂಭದಲ್ಲಿ ತೆಳ್ಳಗಿರುವ ಮಹಿಳೆಯರಿಗೆ ಮೊದಲರ್ಧದ ಏರಿಕೆ ಹೆಚ್ಚು ಮುಖ್ಯವೆಂಬುದು ಅವರ ಕೆಲಸದಿಂದ ಹೊರಬಂದ ಸಂಗತಿ.

ಇದನ್ನು ಮೇಲಿನ 52 ಕಿಲೋ ಮಹಿಳೆಗೆ ಅನ್ವಯಿಸಿ ನೋಡೋಣ. ಮೊದಲ ಮೂರು ತಿಂಗಳಲ್ಲಿ ಆಕೆ ಎರಡು ಕಿಲೋ ಏರಿದಳೆಂದುಕೊಂಡರೆ, ಅಲ್ಲಿಂದ 37ನೇ ವಾರದವರೆಗಿನ 25 ವಾರಗಳಲ್ಲಿ ಉಳಿದ ಹದಿನೈದರಿಂದ ಇಪ್ಪತ್ತೆರಡು ಕಿಲೋ ಏರಬೇಕಾಗುತ್ತದೆ. ವಾರಕ್ಕೆ ಇದು 600ರಿಂದ 900 ಗ್ರಾಂ. ಎಲ್ಲ ವಾರವೂ ಒಂದೇ ಸಮನೆ ಏರಬೇಕೆಂದಿಲ್ಲ. ಒಂದು ವಾರ ನಿಂತು ಮುಂದಿನ ವಾರ ಏರಿದರೂ ತಪ್ಪಿಲ್ಲ. ಆದರೆ ಐದನೆಯ ತಿಂಗಳು ಮುಗಿದರೂ ತೂಕ ಅಲ್ಲಾಡದಿದ್ದರೆ ಎಂಟನೆಯ ತಿಂಗಳಲ್ಲಿ ಸರಿದೂಗಿಸೋಣ ಎಂದು ಕಾಯುವಂತಿಲ್ಲ.

ವಾಂತಿಯ ತಿಂಗಳುಗಳು

ಮೊದಲರ್ಧ ಮುಖ್ಯ ಎಂದ ಕೂಡಲೇ ಮೂರನೆಯ ತಿಂಗಳಲ್ಲಿ ನೀರು ಕುಡಿದರೂ ವಾಂತಿಯಾಗುತ್ತಿರುವವರಿಗೆ ಗಾಬರಿಯಾಗಬಹುದು. ಗರ್ಭ ನಿಂತಾಗ ಮಾಸಿನಿಂದ ಬರುವ ಎಚ್‌ಸಿಜಿ ಎಂಬ ಹಾರ್ಮೋನು ಅವಳಿ ಬಸಿರಿನಲ್ಲಿ ಹೆಚ್ಚಿರುತ್ತದೆ, ವಾಂತಿಯೂ ಹೆಚ್ಚಾಗಿಯೇ ಕಾಡುತ್ತದೆ. ಈ ಹಂತದಲ್ಲಿ ಒಂದೆರಡು ಕಿಲೋ ಏರದಿದ್ದರೂ, ಸ್ವಲ್ಪ ಇಳಿದರೂ ಬಹುಪಾಲು ಮಹಿಳೆಯರು ನಾಲ್ಕನೆಯ ತಿಂಗಳ ನಂತರ ಚೇತರಿಸಿಕೊಳ್ಳುತ್ತಾರೆ. ಆಗ ಭ್ರೂಣಗಳು ಇನ್ನೂ ತೀರಾ ಚಿಕ್ಕವು. ಆದರೆ ಮೂಲ ತೂಕದ ಶೇ 5ರಷ್ಟು, ಅಂದರೆ 52 ಕಿಲೋ ಇದ್ದವರಲ್ಲಿ ಎರಡೂವರೆ ಕಿಲೋಗಿಂತ ಹೆಚ್ಚು ಇಳಿದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, ಎದ್ದು ನಿಂತಾಗ ತಲೆ ತಿರುಗಿದರೆ ಅದು ಬಯಕೆಯ ಸಂಕಟವೆಂದು ಸಹಿಸಿಕೊಳ್ಳುವ ಸ್ಥಿತಿಯಲ್ಲ. ಬಸಿರಿನಲ್ಲಿ ಕೊಡಬಹುದಾದ ವಾಂತಿಯ ಮಾತ್ರೆಗಳಿವೆ, ಅಗತ್ಯವಿದ್ದರೆ ಡ್ರಿಪ್ ಹಾಕುತ್ತಾರೆ.

ತಟ್ಟೆಯ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿಪಡಿಸಿದಂತೆ, ಗರ್ಭಿಣಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾಗುವ ಶಕ್ತಿ 350 ಕ್ಯಾಲೊರಿ. ಇದು ಒಂದು ಮಗುವಿನ ಲೆಕ್ಕ. ಅವಳಿಗಳಿಗೆ ಸಾಮಾನ್ಯವಾಗಿ ಹೇಳುವ ಅಂದಾಜು, ಬಸಿರಿಲ್ಲದ ಕಾಲಕ್ಕಿಂತ ಸುಮಾರು 600 ಕ್ಯಾಲೊರಿ ಹೆಚ್ಚು. ಅಂಕಿ ದೊಡ್ಡದಾಗಿ ಕಂಡರೂ ತಟ್ಟೆಯಲ್ಲಿ ಅದು ಅಷ್ಟೇನೂ ದೊಡ್ಡದಲ್ಲ. ಒಂದು ಲೋಟ ಹಾಲು, ಒಂದು ಬೇಯಿಸಿದ ಮೊಟ್ಟೆ, ಒಂದು ಹಿಡಿ ಕಡಲೆಬೀಜ, ಒಂದು ಬಾಳೆಹಣ್ಣು, ಒಂದು ಚಪಾತಿ ಇಷ್ಟು ಸೇರಿದರೆ ಹತ್ತಿರಹತ್ತಿರ 600 ಕ್ಯಾಲೊರಿ ಆಗುತ್ತದೆ. ‘ಮೂವರ ಊಟ’ ಎಂಬ ಮಾತು ಎಷ್ಟು ಉತ್ಪ್ರೇಕ್ಷೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಈ ಹೆಚ್ಚುವರಿ ಯಾವುದರಿಂದ ಬರುತ್ತದೆ ಎಂಬುದೇ ಇಲ್ಲಿ ನಿರ್ಣಾಯಕ. ನಮ್ಮ ಊಟದಲ್ಲಿ ಅನ್ನ, ಮುದ್ದೆ, ರೊಟ್ಟಿಗಳ ಪಾಲು ಹೆಚ್ಚು, ಬೇಳೆಕಾಳುಗಳ ಪಾಲು ಕಡಿಮೆ. ಸಾರು ಎಷ್ಟೋ ಮನೆಗಳಲ್ಲಿ ತಿಳಿಯಾಗಿಯೇ ಇರುತ್ತದೆ. ಸಾಧಾರಣ ಮಹಿಳೆಗೆ ದಿನಕ್ಕೆ 46 ಗ್ರಾಂನಷ್ಟು ಪ್ರೋಟೀನ್ ಸಾಕಾದರೆ, ಒಂದು ಮಗುವಿನ ಬಸಿರಿನಲ್ಲೇ ನಡುವಿನ ಮೂರು ತಿಂಗಳು ಸುಮಾರು 9.5 ಗ್ರಾಂ, ಕೊನೆಯ ಮೂರು ತಿಂಗಳು 22 ಗ್ರಾಂ ಹೆಚ್ಚು ಬೇಕು. ಅವಳಿಗಳಿಗೆ ಅದಕ್ಕೂ ಮೇಲೆ ಬೇಕಾಗುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು ಅಷ್ಟೇ, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ ಮತ್ತು ಒಂದು ಹಿಡಿ ಕಡಲೆಬೀಜದಲ್ಲಿ ತಲಾ 7 ಗ್ರಾಂ ಆಸುಪಾಸು ಪ್ರೋಟೀನ್ ಇದೆ. ಮೊಳಕೆ ಹೆಸರುಕಾಳಿನ ಉಸಲಿ, ಹುರುಳಿಕಾಳಿನ ಸಾರಿನಲ್ಲಿ ಕಟ್ಟಿನ ಜೊತೆಗೆ ಕಾಳನ್ನೂ ತಿನ್ನುವುದು, ಮೊಸರು, ಕರಾವಳಿಯವರಾದರೆ ಬೂತಾಯಿ ಬಂಗುಡೆಯಂತಹ ಮೀನು, ಮಾಂಸ ತಿನ್ನುವವರಿಗೆ ಚೆನ್ನಾಗಿ ಬೆಂದ ಮಾಂಸ, ಇವೆಲ್ಲ ಡಬ್ಬಿಯ ಪ್ರೋಟೀನ್ ಪುಡಿಗಿಂತ ಅಗ್ಗವೂ ಹೌದು, ಹೆಚ್ಚು ಪೋಷಕವೂ ಹೌದು. ರಾಗಿಯ ಬಗ್ಗೆ ಇಷ್ಟು ಹೇಳಬೇಕು: 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂನಷ್ಟು ಸುಣ್ಣದಂಶ (ಕ್ಯಾಲ್ಸಿಯಂ) ಇದೆ, ಅದೇ ತೂಕದ ಹಾಲಿನಲ್ಲಿರುವುದರ ಸುಮಾರು ಮೂರು ಪಟ್ಟು. ಇಬ್ಬರ ಎಲುಬು ಕಟ್ಟಬೇಕಾದ ತಾಯಿಗೆ ಮುದ್ದೆ, ಅಂಬಲಿ ಒಳ್ಳೆಯ ಆಧಾರ.

ಇದಕ್ಕೆ ವಿರುದ್ಧವಾಗಿ, ತೂಕ ಏರಲೆಂದು ಸಿಹಿತಿಂಡಿ, ಬೇಕರಿ ತಿನಿಸು, ಅನ್ನಕ್ಕೆ ಸುರಿದ ತುಪ್ಪವನ್ನೇ ನೆಚ್ಚಿಕೊಂಡರೆ ತಕ್ಕಡಿ ಮೇಲಕ್ಕೆ ಹೋಗುತ್ತದೆ, ಮಕ್ಕಳಿಗೆ ಬೇಕಾದ ಪ್ರೋಟೀನ್, ಕಬ್ಬಿಣ ಹೋಗುವುದಿಲ್ಲ. ಒಂದೆರಡು ಚಮಚ ತುಪ್ಪಕ್ಕೆ ಯಾರೂ ಬೇಡವೆನ್ನುವುದಿಲ್ಲ. ಅದು ಬೇಳೆಯ ಜಾಗವನ್ನು ತುಂಬಲಾರದು, ಅಷ್ಟೇ.

ಕಬ್ಬಿಣದ ವಿಷಯ ಬೇರೆಯಾಗಿ ಹೇಳಬೇಕಾದಷ್ಟು ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಅವಳಿ ಬಸಿರಿನಲ್ಲಿ ರಕ್ತದ ದ್ರವಭಾಗ ಹೆಚ್ಚು ಹಿಗ್ಗುವುದರಿಂದ ಇರುವ ಹಿಮೋಗ್ಲೋಬಿನ್ ಮತ್ತಷ್ಟು ತೆಳುವಾಗುತ್ತದೆ, ಜೊತೆಗೆ ಇಬ್ಬರು ಮಕ್ಕಳೂ ತಾಯಿಯಿಂದಲೇ ಕಬ್ಬಿಣವನ್ನು ಪಡೆಯುತ್ತಾರೆ. ಸರ್ಕಾರಿ ವ್ಯವಸ್ಥೆಯಲ್ಲಿ ನಾಲ್ಕನೆಯ ತಿಂಗಳಿನಿಂದ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅವಳಿಗಳಿದ್ದಾಗ ಅಥವಾ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದಾಗ ವೈದ್ಯರು ಪ್ರಮಾಣವನ್ನು ಬದಲಿಸಬಹುದು. ಸುಣ್ಣದ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ಎರಡು ಗಂಟೆಯಾದರೂ ಅಂತರವಿರಬೇಕು. ಊಟವಾದ ತಕ್ಷಣ ಕುಡಿಯುವ ಕಾಫಿ, ಟೀ ಕೂಡ ಕಬ್ಬಿಣವನ್ನು ತಡೆಯುತ್ತವೆ. ನುಗ್ಗೆಸೊಪ್ಪಿನ ಪಲ್ಯದ ಮೇಲೆ ಹಿಂಡಿದ ನಿಂಬೆರಸ ಅದನ್ನು ಒಳಗೆ ಸೇರಿಸಲು ನೆರವಾಗುತ್ತದೆ.

ಕೊನೆಯ ತಿಂಗಳುಗಳಲ್ಲಿ ಹೊಟ್ಟೆ ತುಂಬಾ ಮೂರು ಊಟ ಮಾಡುವುದು ಸಾಧ್ಯವಾಗದಾಗ ಅದನ್ನೇ ಆರು ಪಾಲು ಮಾಡಿಕೊಳ್ಳಬಹುದು. ಏಕಾದಶಿ, ಸೋಮವಾರದ ಒಪ್ಪೊತ್ತು, ರಂಜಾನಿನ ರೋಜಾ ಮುಂತಾದ ಉಪವಾಸಗಳ ಬಗ್ಗೆ ಮೊದಲೇ ವೈದ್ಯರಲ್ಲಿ ಕೇಳುವುದು ಒಳಿತು.

‘ಕಡಿಮೆ ತಿಂದರೆ ಹೆರಿಗೆ ಸಲೀಸು’ ಎಂಬ ನಂಬಿಕೆ

ಆರಂಭದಲ್ಲಿ ಹೇಳಿದ ಎರಡನೆಯ ಸಲಹೆಗೆ ಹಳೆಯ ಬೇರುಗಳಿವೆ. ಮಾನವಶಾಸ್ತ್ರಜ್ಞರಾದ ಮಾರ್ಕ್ ಮತ್ತು ಮಿಮಿ ನಿಕ್ಟರ್ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಅಧ್ಯಯನ ನಡೆಸಿ 1983ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಹೊಟ್ಟೆಯಲ್ಲಿ ಅನ್ನಕ್ಕೂ ಮಗುವಿಗೂ ಒಂದೇ ಜಾಗವಿರುವುದರಿಂದ ಹೆಚ್ಚು ತಿಂದರೆ ಮಗುವಿಗೆ ಇಕ್ಕಟ್ಟಾಗುತ್ತದೆ ಎಂಬಂತಹ ಗ್ರಹಿಕೆಗಳನ್ನು ದಾಖಲಿಸಿದ್ದಾರೆ. ಆಸ್ಪತ್ರೆ ದೂರವಿದ್ದ, ದೊಡ್ಡ ಮಗುವೆಂದರೆ ತಾಯಿಯ ಜೀವಕ್ಕೇ ಅಪಾಯವೆಂದಿದ್ದ ಕಾಲದಲ್ಲಿ ಹುಟ್ಟಿದ ಭಯವನ್ನು ಹಾಸ್ಯ ಮಾಡಬೇಕಾಗಿಲ್ಲ. ಆದರೆ ಅವಳಿಗಳ ವಿಷಯದಲ್ಲಿ ಈ ಭಯಕ್ಕೆ ಆಧಾರವಿಲ್ಲ. ಅವಳಿಗಳಿಗಿರುವ ಅಪಾಯ ಸಣ್ಣದಾಗಿ, ಬೇಗ ಹುಟ್ಟುವುದು. ವಿಪರೀತ ದಪ್ಪವಾಗಿ ಹುಟ್ಟುವುದಲ್ಲ. ಸೂಚಿಸಿದ ವ್ಯಾಪ್ತಿಗಿಂತ ಕಡಿಮೆ ತೂಕ ಏರಿದ ತಾಯಂದಿರಲ್ಲಿ ಅವಧಿಗೆ ಮುಂಚಿನ ಹೆರಿಗೆಯೂ ಕಡಿಮೆ ತೂಕದ ಮಕ್ಕಳೂ ಹೆಚ್ಚಾಗಿ ಕಂಡುಬಂದಿರುವುದು ಅನೇಕ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಸಿಗುವ ಸಂಗತಿ. ಮಿತಿಮೀರಿ ಏರಿದವರಲ್ಲಿ ರಕ್ತದೊತ್ತಡದ ತೊಂದರೆಗಳು ಹೆಚ್ಚು, ಹೆರಿಗೆಯ ನಂತರ ಇಳಿಯದೆ ಉಳಿಯುವ ತೂಕವೂ ಹೆಚ್ಚು.

ಏರಿದ್ದೆಲ್ಲ ಒಳ್ಳೆಯ ತೂಕವಲ್ಲ

ತಿಂಗಳುಗಟ್ಟಲೆ ನಿಧಾನವಾಗಿ ಏರುವ ತೂಕ ಆಹಾರದ್ದು. ಎರಡು ಮೂರು ದಿನಗಳಲ್ಲಿ ಒಂದೆರಡು ಕಿಲೋ ಏರಿದರೆ ಅದು ಬಹುತೇಕ ನೀರು, ಮತ್ತು ಅದರ ಕಾರಣವನ್ನು ತಕ್ಷಣ ಹುಡುಕಬೇಕು.

ಮೊದಲ ಅನುಮಾನ ಪ್ರಿ-ಎಕ್ಲಾಂಪ್ಸಿಯಾ. ಬಸಿರಿನ 20 ವಾರದ ನಂತರ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಮೇಲೇರಿ, ಮೂತ್ರದಲ್ಲಿ ಪ್ರೋಟೀನ್ ಹೋಗುವ, ಇಲ್ಲವೇ ಮೂತ್ರಪಿಂಡ, ಯಕೃತ್ತು ಮುಂತಾದ ಅಂಗಗಳಿಗೆ ತೊಂದರೆಯಾಗುವ ಈ ಕಾಯಿಲೆ ಅವಳಿ ಬಸಿರಿನಲ್ಲಿ ಎರಡು ಮೂರು ಪಟ್ಟು ಹೆಚ್ಚು. ಸಂಜೆ ಹೊತ್ತಿಗೆ ಕಾಲು ಊದುವುದು ಬಸಿರಿನಲ್ಲಿ ಸಾಮಾನ್ಯ. ಆದರೆ ಬೆಳಗ್ಗೆ ಎದ್ದಾಗಲೇ ಮುಖ ಊದಿರುವುದು, ಬೆರಳಿನ ಉಂಗುರ ಬಿಗಿಯಾಗುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬಲ ಪಕ್ಕೆಲುಬಿನ ಕೆಳಗೆ ನೋವು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಈ ಅಪಾಯವನ್ನು ತಗ್ಗಿಸಲೆಂದು ಮೂರನೆಯ ತಿಂಗಳ ಕೊನೆಯಿಂದ ಕಡಿಮೆ ಪ್ರಮಾಣದ ಆಸ್ಪಿರಿನ್ ಬರೆದುಕೊಡುವ ವೈದ್ಯರಿದ್ದಾರೆ. ಅದನ್ನು ಸ್ವಂತ ನಿರ್ಧಾರದಿಂದ ನುಂಗುವಂತಿಲ್ಲ.

ಎರಡನೆಯದು ಒಂದೇ ಮಾಸನ್ನು ಹಂಚಿಕೊಂಡ ಅವಳಿಗಳಿಗೆ ಸಂಬಂಧಿಸಿದ್ದು. ಇಂತಹ ಬಸಿರುಗಳಲ್ಲಿ ಸುಮಾರು ಶೇ 10ರಿಂದ 15ರಷ್ಟರಲ್ಲಿ ಮಾಸಿನೊಳಗಿನ ರಕ್ತನಾಳಗಳ ಮೂಲಕ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿಯತೊಡಗುತ್ತದೆ. ಹೆಚ್ಚು ರಕ್ತ ಪಡೆದ ಮಗು ಹೆಚ್ಚು ಮೂತ್ರ ವಿಸರ್ಜಿಸುವುದರಿಂದ ಅದರ ಸುತ್ತ ಗರ್ಭಜಲ ವಿಪರೀತ ಹೆಚ್ಚುತ್ತದೆ, ಕೊಟ್ಟ ಮಗುವಿನ ಸುತ್ತ ನೀರೇ ಇಲ್ಲದಂತಾಗುತ್ತದೆ. ತಾಯಿಗೆ ಗೊತ್ತಾಗುವುದು ಹೊಟ್ಟೆ ಕೆಲವೇ ದಿನಗಳಲ್ಲಿ ಬಿಗಿದು ದೊಡ್ಡದಾಗಿರುವುದು ಮತ್ತು ಉಸಿರಾಟ ಕಷ್ಟವಾಗಿರುವುದು ಮಾತ್ರ. ‘ಮಕ್ಕಳು ಚೆನ್ನಾಗಿ ಬೆಳೆಯುತ್ತಿವೆ’ ಎಂದು ನೆಮ್ಮದಿಪಟ್ಟುಕೊಳ್ಳುವ ಸಾಧ್ಯತೆ ಇರುವುದರಿಂದಲೇ ಇದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಮಾಸು ಒಂದೋ ಎರಡೋ ಎಂಬುದು ಮೊದಲ ಮೂರು ತಿಂಗಳ ಸ್ಕ್ಯಾನಿಂಗ್‌ನಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಒಂದೇ ಆಗಿದ್ದರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಬೇಕಾಗುತ್ತದೆ.

ಬಸಿರಿನಲ್ಲಿ ಬರುವ ಸಕ್ಕರೆ ಕಾಯಿಲೆಯನ್ನು ತೂಕ ನೋಡಿ ಕಂಡುಹಿಡಿಯಲಾಗದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಮಾಡುವ ರಕ್ತಪರೀಕ್ಷೆಯಲ್ಲಿ ಸಕ್ಕರೆ 140 ಅಥವಾ ಹೆಚ್ಚಿದ್ದರೆ ಕಾಯಿಲೆ ಇದೆಯೆಂದು ನಮ್ಮ ದೇಶದಲ್ಲಿ ಪರಿಗಣಿಸುತ್ತಾರೆ.

ತೂಕ ನೋಡುವ ಕ್ರಮ

ಮನೆಯ ತಕ್ಕಡಿಗೂ ಆಸ್ಪತ್ರೆಯ ತಕ್ಕಡಿಗೂ ಒಂದು ಕಿಲೋ ವ್ಯತ್ಯಾಸವಿರುವುದು ಸಾಮಾನ್ಯವಾದ್ದರಿಂದ ಎರಡರ ಅಂಕಿಗಳನ್ನು ಬೆರೆಸಬಾರದು. ವಾರಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು ಏನನ್ನೂ ತಿನ್ನುವ ಮೊದಲು ನೋಡಿ ಬರೆದಿಟ್ಟರೆ ಸಾಕು. ದಿನಾ ನೋಡುವುದರಿಂದ ಆತಂಕ ಹೆಚ್ಚುತ್ತದೆಯೇ ಹೊರತು ಮಾಹಿತಿ ಹೆಚ್ಚುವುದಿಲ್ಲ. ಬಸಿರಿಗೆ ಮೊದಲಿನ ತೂಕ ನೆನಪಿಲ್ಲದವರು ಮೊದಲ ತಪಾಸಣೆಯಲ್ಲಿ ತಾಯಿ ಕಾರ್ಡಿನಲ್ಲಿ ಬರೆದ ತೂಕವನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದು.

ತಾಯಿಯ ತೂಕ ಪರೋಕ್ಷ ಸುಳಿವು ಮಾತ್ರ. ಇಬ್ಬರೂ ಮಕ್ಕಳು ಸಮನಾಗಿ ಬೆಳೆಯುತ್ತಿವೆಯೇ ಎಂಬುದು ಸ್ಕ್ಯಾನಿಂಗ್‌ನಿಂದಲೇ ತಿಳಿಯಬೇಕು. ತೂಕ ಕಡಿಮೆ ಏರಿದ್ದರೂ ಸ್ಕ್ಯಾನಿಂಗ್‌ನಲ್ಲಿ ಬೆಳವಣಿಗೆ ಚೆನ್ನಾಗಿದ್ದರೆ ಬಲವಂತವಾಗಿ ತುರುಕಿಕೊಳ್ಳುವ ಅಗತ್ಯವಿಲ್ಲ. ತೂಕ ಚೆನ್ನಾಗಿ ಏರಿದ್ದರೂ ಒಂದು ಮಗು ಹಿಂದೆ ಬಿದ್ದಿದ್ದರೆ ಅದು ಊಟದಿಂದ ಸರಿಹೋಗುವ ಸಮಸ್ಯೆಯಾಗಿರಲಿಕ್ಕಿಲ್ಲ. ಮೊದಲಿನಿಂದಲೇ ಬೊಜ್ಜಿರುವವರೂ ಬಸಿರಿನಲ್ಲಿ ತೂಕ ಇಳಿಸಲು ಪಥ್ಯ ಮಾಡಬಾರದು, ಏರುವ ವೇಗವನ್ನು ಹಿಡಿತದಲ್ಲಿಟ್ಟುಕೊಂಡರೆ ಸಾಕು. ಅವಳಿಗಳೆಂಬ ಒಂದೇ ಕಾರಣಕ್ಕೆ ಹಾಸಿಗೆ ಹಿಡಿದು ಮಲಗಿಸುವ ಪದ್ಧತಿಯಿಂದ ಲಾಭವಿಲ್ಲವೆಂದು ಅಧ್ಯಯನಗಳು ತೋರಿಸಿವೆ. ವೈದ್ಯರು ನಿರ್ಬಂಧ ಹೇಳದಿದ್ದರೆ ನಡಿಗೆ, ಮನೆಯ ಹಗುರ ಕೆಲಸ ಮುಂದುವರಿಸಬಹುದು.

ಅವಳಿ ಬಸಿರನ್ನು ಸರ್ಕಾರಿ ಆರೋಗ್ಯ ವ್ಯವಸ್ಥೆ ಹೆಚ್ಚಿನ ಅಪಾಯದ ಬಸಿರೆಂದೇ ಗುರುತಿಸುತ್ತದೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರು ಉಚಿತವಾಗಿ ಗರ್ಭಿಣಿಯರ ತಪಾಸಣೆ ನಡೆಸುವ ಕಾರ್ಯಕ್ರಮ 2016ರಿಂದ ಜಾರಿಯಲ್ಲಿದ್ದು, ಅದರಲ್ಲಿ ಇಂತಹ ಗರ್ಭಿಣಿಯರ ಕಾರ್ಡಿಗೆ ಕೆಂಪು ಗುರುತು ಅಂಟಿಸುತ್ತಾರೆ. ಕರ್ನಾಟಕ ಸರ್ಕಾರ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭಿಸಿದ ಮಾತೃಪೂರ್ಣ ಯೋಜನೆಯು ಅನ್ನ, ಬೇಳೆ ತರಕಾರಿಯ ಸಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಗಳಿರುವ ಒಂದು ಹೊತ್ತಿನ ಊಟವನ್ನು ಅಂಗನವಾಡಿಯ ಮೂಲಕ ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ಒದಗಿಸುವ ಉದ್ದೇಶದ್ದು. ಮೇಲೆ ಲೆಕ್ಕ ಹಾಕಿದ 600 ಕ್ಯಾಲೊರಿಯ ತಟ್ಟೆಗೂ ಈ ಪಟ್ಟಿಗೂ ಇರುವ ಹೋಲಿಕೆಯನ್ನು ಓದುಗರು ಗಮನಿಸಿರಬಹುದು.

ಹೆರಿಗೆಯ ನಂತರ

ಮಕ್ಕಳು, ಮಾಸು, ಗರ್ಭಜಲ ಹೊರಬಂದ ದಿನವೇ ಏರಿದ ತೂಕದ ದೊಡ್ಡ ಪಾಲು ಇಳಿಯುತ್ತದೆ, ಮೈಯಲ್ಲಿ ಸೇರಿಕೊಂಡ ನೀರು ಮುಂದಿನ ಒಂದೆರಡು ವಾರಗಳಲ್ಲಿ ಮೂತ್ರ ಮತ್ತು ಬೆವರಾಗಿ ಹೋಗುತ್ತದೆ. ಕೂಡಿಟ್ಟ ಕೊಬ್ಬು ಉಳಿದಿರುತ್ತದೆ, ಅದಕ್ಕೆ ಕೆಲಸವೂ ಇದೆ. ಒಂದು ಮಗುವಿಗೆ ಹಾಲೂಡಿಸುವ ತಾಯಿಗೇ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಇಬ್ಬರಿಗೆ ಹಾಲೂಡಿಸುವಾಗ ಬೇಡಿಕೆ ಬಸಿರಿನ ಕಾಲಕ್ಕಿಂತಲೂ ಮೇಲೇರುತ್ತದೆ. ಹಲವು ಮನೆಗಳ ಬಾಣಂತನದಲ್ಲಿ ಅದೇ ಹೊತ್ತಿಗೆ ಬೇಳೆ, ಸೊಪ್ಪು, ಹಣ್ಣು, ಮೊಸರುಗಳಿಗೆ ಪಥ್ಯ ಹೇರಿ, ಮೆಣಸಿನ ಸಾರು ಅನ್ನ ತುಪ್ಪಕ್ಕೆ ಊಟವನ್ನು ಇಳಿಸಿ, ಬಾಯಾರಿದರೂ ನೀರನ್ನು ಅಳೆದು ಕೊಡುತ್ತಾರೆ. ಬಾಣಂತಿಗೆ ಆರೋಗ್ಯದ ಬೇರೆ ತೊಂದರೆ ಇಲ್ಲದಿದ್ದರೆ ಬಸಿರಿನಲ್ಲಿ ತಿನ್ನುತ್ತಿದ್ದ ಬೇಳೆ, ಸೊಪ್ಪು, ಹಾಲು, ಮೊಟ್ಟೆಗಳನ್ನು ಹೆರಿಗೆಯ ಮರುದಿನದಿಂದಲೇ ಮುಂದುವರಿಸಬಹುದು. ಕಬ್ಬಿಣದ ಮಾತ್ರೆ ಇನ್ನೂ 180 ದಿನ ನಡೆಯಬೇಕು.